ಮಕ್ಕಳ ಕೈಗೆ ಏನು ಕೊಡುತ್ತಿದ್ದೇವೆ?

ಕಳೆದ ಬಸವ ಜಯಂತಿಗೆ ನಮ್ಮ ಬಡಾವಣೆಯ ಬಳಗದವರು ಮಕ್ಕಳಿಗಾಗಿ ವಚನ ಕಂಠಪಾಠ ಸ್ಪರ್ಧೆ ಏರ್ಪಡಿಸಿದ್ದರು. ಬಹುಮಾನ ತರುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಿವೃತ್ತರಾದವರನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಪೇಟೆಗೆ ಹೋಗಿ ಒಂದು ತಾಸಿನಲ್ಲಿ ಖರೀದಿ ಮುಗಿಸಿ ಬಂದೆ. ಗಂಡುಹುಡುಗರಿಗೆ ಜೋಡಿಸಿ ಕಟ್ಟುವ ಬ್ಲಾಕ್ಸ್, ಕ್ರಿಕೆಟ್ ಬ್ಯಾಟು, ಕಂಪಾಸ್ ಪೆಟ್ಟಿಗೆ. ಹೆಣ್ಣುಹುಡುಗಿಯರಿಗೆ ಬಳೆ ಇಡುವ ಪೆಟ್ಟಿಗೆ, ಗೊಂಬೆ, ಮೆಹಂದಿ ಚಿತ್ರಗಳ ಪುಸ್ತಕ. ಲೆಕ್ಕ ಸರಿಯಾಗಿತ್ತು, ರಸೀದಿಗಳು ಸರಿಯಾಗಿದ್ದವು. ಇಲಾಖೆಯಲ್ಲಿ ಮೂವತ್ತೈದು ವರ್ಷ ಇದ್ದವನಿಗೆ ಅಷ್ಟು ನೋಡಿಕೊಂಡರೆ ಸಮಾಧಾನ.

ಮೊದಲ ಸ್ಥಾನ ಐದನೆಯ ಇಯತ್ತೆಯ ಒಬ್ಬ ಹುಡುಗಿಗೆ ಬಂತು. ಇಪ್ಪತ್ತೈದು ವಚನಗಳನ್ನು ಎಲ್ಲಿಯೂ ತಡವರಿಸದೆ ಹೇಳಿದಳು. ವೇದಿಕೆಯ ಮೇಲೆ ಅವಳ ಕೈಗೆ ಬಳೆ ಪೆಟ್ಟಿಗೆ ಬಂತು. ಎರಡನೆಯ ಸ್ಥಾನದ ಹುಡುಗನಿಗೆ ಬ್ಲಾಕ್ಸ್ ಡಬ್ಬಿ. ಅವಳು ತನ್ನ ಪೆಟ್ಟಿಗೆ ನೋಡಿದಳು, ಅವನ ಡಬ್ಬಿ ನೋಡಿದಳು, ನನ್ನ ಕಡೆ ತಿರುಗಿದಳು. "ಅಜ್ಜಾರ, ಫಸ್ಟ್ ಬಂದಾಕಿ ನಾನು. ಅದು ನನಗ್ಯಾಕ ಇಲ್ಲ?"

ಸಭೆ ನಕ್ಕಿತು. ನಾನೂ ನಕ್ಕೆ. ಅವರ ತಾಯಿ ಬಂದು ಮಗಳನ್ನು ಕೆಳಗೆ ಕರೆದುಕೊಂಡು ಹೋದರು. ಕಾರ್ಯಕ್ರಮ ಮುಂದುವರಿಯಿತು. ಆಮೇಲೆ ಮಾತನಾಡಿದ ಮೂವರಲ್ಲಿ ಇಬ್ಬರು ಬಾಲಕ ಬಸವಣ್ಣನವರ ಉಪನಯನದ ಪ್ರಸಂಗವನ್ನೇ ಎತ್ತಿಕೊಂಡರು. ಮೂರನೆಯವನು ನಾನು. ನಾನೂ ಅದನ್ನೇ ಹೇಳಿದೆ.

ಆ ಪ್ರಸಂಗ ನಮ್ಮೆಲ್ಲರಿಗೂ ಬಾಯಿಪಾಠ. ಬಾಗೇವಾಡಿಯ ಮನೆಯಲ್ಲಿ ಹಿರಿಯರು ಹುಡುಗನಿಗೆ ಜನಿವಾರ ಹಾಕಲು ಸಿದ್ಧರಾದರು. ಅಕ್ಕ ನಾಗಮ್ಮನಿಗೆ ಯಾಕಿಲ್ಲ ಎಂದು ಹುಡುಗ ಕೇಳಿದ. ಅಕ್ಕನಿಗಿಲ್ಲದ್ದು ತನಗೂ ಬೇಡವೆಂದು ಮನೆಯಿಂದ ಹೊರಟ. ಪರಂಪರೆ ನಮಗೆ ಹೀಗೆ ಹೇಳುತ್ತ ಬಂದಿದೆ. ಮನೆಗೆ ಬಂದು ಊಟಕ್ಕೆ ಕುಳಿತಾಗ ನನಗೆ ಹೊಳೆಯಿತು. ಅಲ್ಲಿ ನಡೆದದ್ದು ಏನು? ಹಿರಿಯರು ಮಗುವಿಗೆ ಒಂದು ಕೊಡುಗೆ ಕೊಡಲು ಬಂದರು, ಅದು ಯಾರಿಗೆ ಉಂಟು ಯಾರಿಗೆ ಇಲ್ಲ ಎಂದು ಮಗು ಕೇಳಿತು. ನಮ್ಮ ವೇದಿಕೆಯ ಮೇಲೆ ಆ ಹುಡುಗಿ ಕೇಳಿದ್ದೂ ಅದೇ ಪ್ರಶ್ನೆ. ಎಂಟುನೂರು ವರ್ಷದ ಹಿಂದಿನ ಪ್ರಶ್ನೆಗೆ ಚಪ್ಪಾಳೆ ತಟ್ಟಿದ ನಾವು, ಅರ್ಧ ತಾಸಿನ ಹಿಂದಿನ ಪ್ರಶ್ನೆಗೆ ನಕ್ಕಿದ್ದೆವು.

ನಮ್ಮ ಧರ್ಮದಲ್ಲಿ ಮಗುವಿಗೆ ದೊರೆಯುವ ಮೊದಲ ಕೊಡುಗೆ ಇಷ್ಟಲಿಂಗ. ಗಂಡು ಹುಟ್ಟಿದರೂ ಅದೇ, ಹೆಣ್ಣು ಹುಟ್ಟಿದರೂ ಅದೇ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಭೇದ ಶುರುವಾಗುವುದು ಎರಡನೆಯ ಕೊಡುಗೆಯಿಂದ. ತೊಟ್ಟಿಲಿಗೆ ಬರುವ ಅಂಗಿಯ ಬಣ್ಣದಿಂದ ಹಿಡಿದು ಹುಟ್ಟುಹಬ್ಬದ ಆಟಿಕೆಯವರೆಗೆ, ನೀನು ಕಟ್ಟುವವನು, ನೀನು ಸಿಂಗರಿಸಿಕೊಳ್ಳುವವಳು ಎಂದು ನಾವೇ ಹೇಳಿಕೊಡುತ್ತೇವೆ. ಬಾಯಿಬಿಟ್ಟು ಹೇಳಿದ್ದರೆ ಯಾರಾದರೂ ವಾದಕ್ಕೆ ಬರುತ್ತಿದ್ದರು. ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರೆ ಯಾರೂ ಬರುವುದಿಲ್ಲ.

ಆ ರಾತ್ರಿ ಮಗಳಿಗೆ ಫೋನು ಮಾಡಿ ಈ ಸಂಗತಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾಜಿ, ನೀವು ನನಗೂ ಹಂಗ ಮಾಡಿದ್ರಿ, ನೆನಪೈತೇನು?" ಅಂದಳು. ನನಗೆ ನೆನಪಿರಲಿಲ್ಲ. ಅವಳೇ ನೆನಪಿಸಿದಳು.

1995ರ ದೀಪಾವಳಿ. ಬೆಂಗಳೂರಿನ ಕಚೇರಿ ಕೆಲಸ ಮುಗಿಸಿ ಬರುವಾಗ ಮಗನಿಗೆ ಮೆಕ್ಯಾನಿಕ್ ಸೆಟ್ಟು ತಂದಿದ್ದೆ. ತೂತು ತೂತಿನ ಲೋಹದ ಪಟ್ಟಿಗಳು, ನಟ್ಟು ಬೋಲ್ಟು, ಗಾಲಿ, ಸಣ್ಣ ಪಾನಾ ಎಲ್ಲ ಇರುವ ಪೆಟ್ಟಿಗೆ. ಮಗಳಿಗೆ ಪ್ಲಾಸ್ಟಿಕ್ಕಿನ ಅಡಿಗೆ ಸಾಮಾನು. ಒಂದು ಸಂಜೆ ಮಗ ಆಡಲು ಹೊರಗೆ ಹೋಗಿದ್ದಾಗ, ಏಳು ವರ್ಷದ ಇವಳು ಪಡಸಾಲೆಯಲ್ಲಿ ಕುಳಿತು ಆ ಪಟ್ಟಿಗಳಿಂದ ಒಂದು ಕ್ರೇನ್ ಕಟ್ಟಿದ್ದಳಂತೆ. ಗಾಲಿಗೆ ದಾರ ಸುತ್ತಿ, ದಾರದ ತುದಿಗೆ ಹುಣಸೆಬೀಜ ಕಟ್ಟಿ ಮೇಲೆತ್ತುತ್ತಿದ್ದಳಂತೆ. ಕಚೇರಿಯಿಂದ ಬಂದ ನಾನು ನೋಡಿ ಅಂದೆನಂತೆ, "ಅದು ಅಣ್ಣಂದವ್ವಾ. ನಟ್ಟು ಕಳದೀತು, ಬಿಚ್ಚಿ ಇಡು."

ಅವಳು ಬಿಚ್ಚಿ ಇಟ್ಟಳು. ಮಗ ಹದಿನೈದು ದಿನದಲ್ಲಿ ಆ ಪೆಟ್ಟಿಗೆ ಮರೆತು ಕ್ರಿಕೆಟ್ಟಿನ ಹಿಂದೆ ಬಿದ್ದ. ಪೆಟ್ಟಿಗೆ ಅಟ್ಟ ಸೇರಿತು. ಮಗಳು ವಾಣಿಜ್ಯ ಓದಿದಳು, ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಚೆನ್ನಾಗಿಯೇ ಇದ್ದಾಳೆ. ಎಂಜಿನಿಯರ್ ಆಗಬೇಕಿತ್ತು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಸೇತುವೆ ಕಟ್ಟಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ತಂದೆ, ಪ್ರತಿ ಶ್ರಾವಣ ಮಠದ ಪ್ರವಚನಕ್ಕೆ ತಪ್ಪದೆ ಹೋಗುತ್ತಿದ್ದ ತಂದೆ, ತನ್ನ ಮನೆಯ ಪಡಸಾಲೆಯಲ್ಲಿ ಏಳು ವರ್ಷದ ಮಗಳು ಎತ್ತಿ ನಿಲ್ಲಿಸಿದ ಕ್ರೇನನ್ನು ನೋಡಲಿಲ್ಲ. ನಟ್ಟು ಮಾತ್ರ ನೋಡಿದ.

ಆ ಆಟಿಕೆಯ ಮೂಲವೂ ಹಾಗೆಯೇ ಇದೆ. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ ತನ್ನ ಗಂಡುಮಕ್ಕಳಿಗಾಗಿ ಲೋಹದ ಪಟ್ಟಿಗಳನ್ನು ಕತ್ತರಿಸಿ, ತೂತು ಹಾಕಿ ಆಡಲು ಕೊಟ್ಟ. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮುಂದೆ ಅದು ಮೆಕ್ಯಾನೋ ಎಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ಅವನಿಗೆ ಬಸವಣ್ಣ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದರು.

ಹಾಗಾದರೆ ಮಗುವಿಗೆ ಏನು ಕೊಡಬೇಕು? ಈ ಪ್ರಶ್ನೆ ಹಿಡಿದು ಆರು ತಿಂಗಳಿಂದ ಅಂಗಡಿ ಸುತ್ತಿದ್ದೇನೆ, ಮೊಮ್ಮಕ್ಕಳ ಜೊತೆ ನೆಲದ ಮೇಲೆ ಕುಳಿತಿದ್ದೇನೆ. ಮೊಬೈಲಿನ ಕೇಡಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದನ್ನು ಬಿಟ್ಟುಬಿಡುತ್ತೇನೆ. ಬೇಡ ಎಂದು ಕಸಿದುಕೊಂಡ ಕೈಗೆ ಬೇರೇನು ಕೊಟ್ಟೆವು ಎನ್ನುವುದು ಮುಖ್ಯ.

ನನ್ನ ಅಳತೆಗೋಲು ಇಷ್ಟೇ. ಆ ವಸ್ತುವಿನಿಂದ ಮಗುವಿನ ಕೈಗೆ ಕಾಯಕ ಸಿಗಬೇಕು. ಗುಂಡಿ ಒತ್ತಿದರೆ ತಾನೇ ಓಡಿ, ತಾನೇ ಹಾಡಿ, ತಾನೇ ದೀಪ ಮಿನುಗಿಸುವ ಆಟಿಕೆಯಲ್ಲಿ ಎಲ್ಲ ಕಾಯಕವೂ ಆಟಿಕೆಯದೇ. ಮಗು ಬರೀ ಪ್ರೇಕ್ಷಕ. ಇನ್ನೊಂದು, ಮನೆಯ ಮಗನಿಗೂ ಮಗಳಿಗೂ ಅದನ್ನು ಸಮನಾಗಿ ಕೊಡಲು ನಮ್ಮ ಮನಸ್ಸು ಒಪ್ಪಬೇಕು. ಒಪ್ಪದಿದ್ದರೆ ದೋಷ ಆಟಿಕೆಯಲ್ಲಿಲ್ಲ.

ಅಡಿಗೆ ಸಾಮಾನಿನ ಆಟವನ್ನು ನಾನು ಬಯ್ಯುತ್ತಿಲ್ಲ. ಮಠದ ದಾಸೋಹದ ಮನೆಗೆ ಒಮ್ಮೆ ಹೋಗಿ ನೋಡಿ. ದೊಡ್ಡ ಹಂಡೆಗೆ ಹುಟ್ಟು ಹಾಕಿ ಸಾರು ತಿರುವುವವರು, ಅನ್ನ ಬಸಿಯುವವರು ಹೆಚ್ಚಿನ ಕಡೆ ಗಂಡಸರೇ. ಅಲ್ಲಿ ಅದು ಸೇವೆ, ಮನೆಯಲ್ಲಿ ಮಾತ್ರ ಹೆಂಗಸರ ಕೆಲಸ! ಆದ್ದರಿಂದ ಅಡಿಗೆ ಸೆಟ್ಟನ್ನು ಮೊಮ್ಮಗನಿಗೂ ಕೊಡಿ. ನನ್ನ ಮೊಮ್ಮಗ ಈಗ ದಿನಾ ಸಂಜೆ ನನಗೆ ಖಾಲಿ ಕಪ್ಪಿನಲ್ಲಿ ಚಹಾ ತಂದುಕೊಡುತ್ತಾನೆ. ಸಕ್ಕರೆ ಕಾಯಿಲೆಯವನಿಗೆ ಆ ಚಹಾ ಒಳ್ಳೆಯದೇ.

ನಾನು ಅತಿ ಹೆಚ್ಚು ಸಂತೋಷಪಟ್ಟ ಆಟಿಕೆಗೆ ಪೆಟ್ಟಿಗೆಯೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ಅರವಿಂದ ಗುಪ್ತಾ ಅವರ ಹೆಸರು ಕೆಲವರು ಕೇಳಿರಬಹುದು. ಕಾನಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದವರು. ಕಾರ್ಖಾನೆಯ ನೌಕರಿ ಬಿಟ್ಟು, ಕಸದಲ್ಲಿ ಬಿಸಾಡುವ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಹಳ್ಳಿ ಶಾಲೆಗಳ ಮಕ್ಕಳಿಗೆ ಕಲಿಸುತ್ತ ಬಂದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಹೆಸರುವಾಸಿ ಮಾಡಿದ ಒಂದು ಆಟಕ್ಕೆ ಬೇಕಾದದ್ದು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಟ್ಯೂಬು ಮಾತ್ರ. ಕಡ್ಡಿಯ ಮದ್ದನ್ನು ದೊಡ್ಡವರು ಕೆರೆದು ತೆಗೆಯಬೇಕು. ಟ್ಯೂಬನ್ನು ಬೆರಳಿನ ಅರ್ಧ ಗೆಣ್ಣಿನಷ್ಟು ತುಂಡು ಮಾಡಿಕೊಂಡು, ಅದರ ಎರಡೂ ತುದಿಗೆ ಕಡ್ಡಿ ಸಿಕ್ಕಿಸಿದರೆ ಮಡಚಬಲ್ಲ ಒಂದು ಕೀಲು ಸಿದ್ಧ.

ಇದರಿಂದ ಮೊದಲು ಒಂದು ಚೌಕ ಮಾಡಿಸಿ. ಬೆರಳಿನಿಂದ ಒತ್ತಿದರೆ ಅದು ಓರೆಯಾಗಿ ಕುಸಿಯುತ್ತದೆ. ಆಮೇಲೆ ತ್ರಿಕೋನ ಮಾಡಿಸಿ. ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಮತ್ತೆ ಚೌಕಕ್ಕೆ ಬಂದು, ಮೂಲೆಯಿಂದ ಮೂಲೆಗೆ ಸ್ವಲ್ಪ ಉದ್ದದ ಕಡ್ಡಿಯೊಂದನ್ನು ಅಡ್ಡ ಕೊಡಲು ಹೇಳಿ. ಕುಸಿಯುತ್ತಿದ್ದ ಚೌಕ ಗಟ್ಟಿಯಾಗಿ ನಿಲ್ಲುತ್ತದೆ, ಯಾಕೆಂದರೆ ಅದೀಗ ಎರಡು ತ್ರಿಕೋನ. ಇದನ್ನು ಮುಗಿಸಿ ನಾನು ಮೊಮ್ಮಗಳನ್ನು ರೈಲು ಸೇತುವೆ ತೋರಿಸಲು ಕರೆದುಕೊಂಡು ಹೋದೆ. ಅವಳು ಕಬ್ಬಿಣದ ತೊಲೆಗಳನ್ನು ನೋಡುತ್ತ ಬೆರಳು ಮಾಡಿ ತ್ರಿಕೋನಗಳನ್ನು ಎಣಿಸತೊಡಗಿದಳು. ನಾನು ಅದನ್ನು ಕಾಲೇಜಿನ ಎರಡನೆಯ ವರ್ಷದಲ್ಲಿ ಕಲಿತಿದ್ದೆ, ಅದೂ ಕರಿಹಲಗೆಯ ಮೇಲೆ.

ನಮ್ಮ ಕಡೆಯ ಅಳಗುಳಿ ಮಣೆಯನ್ನು ಅಟ್ಟದಿಂದ ಇಳಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಸೆಬೀಜವೋ ಗುಲಗಂಜಿಯೋ ಸಾಕು (ಗುಲಗಂಜಿ ವಿಷ, ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ಹುಣಸೆಬೀಜವೇ ಲೇಸು). ಒಂದು ಗುಳಿಯ ಬೀಜ ಎತ್ತಿ ಹಂಚುತ್ತ ಹೋದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮುಂದಾಗಿ ಲೆಕ್ಕ ಹಾಕಬೇಕು. ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಈ ಮಣೆಯ ಮುಂದೆ ಕುಳಿತರೆ ಎಂಜಿನಿಯರ್ ಮಗನನ್ನು ಪ್ರತಿ ಸಲ ಸೋಲಿಸುತ್ತಿದ್ದರು.

ಕೊಳ್ಳುವುದೇ ಆದರೆ ಚನ್ನಪಟ್ಟಣದ ಮರದ ಆಟಿಕೆಗಳಿವೆ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಏರಿಸಿ ಮಾಡಿದವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿವೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅವನ್ನು ಕೊಂಡಾಗ ಒಬ್ಬ ಕಾಯಕಜೀವಿಗೆ ನೇರವಾಗಿ ಕೂಲಿ ಮುಟ್ಟುತ್ತದೆ, ಅದನ್ನು ಮಗುವಿಗೂ ಹೇಳಿ. ಕಾರ್ಖಾನೆಯ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿಯೇ ಕೊಳ್ಳಬೇಕು. 2021ರ ಜನವರಿ 1ರಿಂದ ಅದು ನಮ್ಮ ದೇಶದಲ್ಲಿ ಕಡ್ಡಾಯ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಗುಂಡಿಯಾಕಾರದ ಬ್ಯಾಟರಿ, ಸಣ್ಣ ಅಯಸ್ಕಾಂತ ಸಡಿಲವಾಗಿ ಹೊರಬರುವ ಆಟಿಕೆಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಮಗು ನುಂಗಿದರೆ ಒಳಗೆ ಸುಟ್ಟು ತೂತಾಗುತ್ತದೆ, ಜೀವಕ್ಕೇ ಅಪಾಯ.

ಎಷ್ಟು ಕೊಡಬೇಕು ಎಂಬುದಕ್ಕೆ ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೇಕೆ ಎಂದು ತಿರುಗಿ ಕಳಿಸಿದವಳು. ಹುಟ್ಟುಹಬ್ಬದ ಮರುದಿನ ನಮ್ಮ ಮನೆಗಳ ಕೋಣೆ ನೋಡಿದರೆ ಲಕ್ಕಮ್ಮ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಇಲ್ಲೂ ನನ್ನ ತಪ್ಪಿನಿಂದಲೇ ಶುರು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದ ಹದಿನೈದೂ ಸಂಪುಟಗಳು ನಮ್ಮ ಮನೆಯಲ್ಲಿವೆ. ಗಾಜಿನ ಕಪಾಟಿನಲ್ಲಿ, ಕೀಲಿ ಹಾಕಿ ಇಟ್ಟಿದ್ದೆ. ಧೂಳು ಬೀಳಲಿಲ್ಲ, ಮಕ್ಕಳ ಕೈಯೂ ಬೀಳಲಿಲ್ಲ. ವಚನ ಎಂದರೆ ಗಾಜಿನ ಆಚೆ ಇರುವ ವಸ್ತು ಎಂದು ನನ್ನ ಮಕ್ಕಳು ತಿಳಿದುಕೊಂಡೇ ದೊಡ್ಡವರಾದರು. ತಾಳೆಗರಿಗಾಗಿ ಮನೆಮನೆ ತಿರುಗಿ, ಕೈಯ ದುಡ್ಡು ಕಳೆದುಕೊಂಡು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ಇದಕ್ಕಾಗಿ ಕಷ್ಟಪಟ್ಟಿರಲಾರರು. ಈಗ ಕೀಲಿ ತೆಗೆದಿದ್ದೇನೆ. ಒಂದು ಸಂಪುಟದ ಪುಟಕ್ಕೆ ಚಹಾ ಚೆಲ್ಲಿದೆ. ಇರಲಿ.

ಕಂಠಪಾಠ ಬೇಡವೆಂದು ನಾನು ಹೇಳುವುದಿಲ್ಲ. ಬಾಯಲ್ಲಿ ಉಳಿದದ್ದು ಎಂದೋ ಒಂದು ದಿನ ಎದೆಗೆ ಇಳಿದೀತು. ಆದರೆ ಇಪ್ಪತ್ತೈದು ಹೇಳಿದವರಿಗೆ ಮೊದಲ ಬಹುಮಾನ, ಇಪ್ಪತ್ತು ಹೇಳಿದವರಿಗೆ ಎರಡನೆಯದು ಎಂದು ಎಣಿಸುವುದು ಚೀಲ ಎಣಿಸುವ ಗೋದಾಮಿನ ಲೆಕ್ಕ. ಮಗುವಿಗೆ ಮೊದಲು ಶರಣರ ಕಥೆ ಕೊಡಿ. ನಾನು ನುಲಿಯ ಚಂದಯ್ಯನ ಕಥೆ ಹೇಳಿದೆ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗ ನೀರಿಗೆ ಬಿತ್ತು. ಅವನು ಅದರ ಹಿಂದೆ ಹೋಗದೆ ಕಾಯಕ ಮುಂದುವರಿಸಿದ, ಲಿಂಗವೇ ಅವನ ಹಿಂದೆ ಬಂತು. ಮೊಮ್ಮಗಳು ಕೇಳಿದಳು, "ಅಜ್ಜಾ, ಬಿದ್ದಿದ್ದನ್ನ ಎತ್ತಿಕೊಳ್ಳಲಿಕ್ಕೆ ಒಂದ್ ನಿಮಿಷ ಸಾಕಿತ್ತಲ್ಲ, ಯಾಕ ಎತ್ತಿಕೊಳ್ಳಲಿಲ್ಲ?" ನಾನು ಉತ್ತರ ಹೇಳಲಿಲ್ಲ. ಒಂದು ಹಿಡಿ ತೆಂಗಿನ ನಾರು ತಂದುಕೊಟ್ಟು ಹಗ್ಗ ಹೊಸೆ ಅಂದೆ. ಎರಡು ಎಳೆಯನ್ನು ಬಲಕ್ಕೆ ಹುರಿ ಮಾಡಿ, ಅವೆರಡನ್ನೂ ಸೇರಿಸಿ ಎಡಕ್ಕೆ ತಿರುವಿದರೆ ಮಾತ್ರ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಒಂದು ಕೈ ಬಿಟ್ಟರೆ ಹುರಿಯೆಲ್ಲ ಸಡಿಲ. ಅರ್ಧ ತಾಸು ಒದ್ದಾಡಿ ಒಂದು ಗೇಣು ಹಗ್ಗ ಮಾಡಿದಳು. "ಈಗ ತಿಳೀತು, ಕೈ ಬಿಡಾಕ ಬರಂಗಿಲ್ಲ" ಅಂದಳು. ಇದು ಪಂಡಿತರು ಒಪ್ಪುವ ವ್ಯಾಖ್ಯಾನವೋ ಇಲ್ಲವೋ, ಅವಳದೇ ವ್ಯಾಖ್ಯಾನ.

ಕದಿರ ರೆಮ್ಮವ್ವೆಗೆ ಒಂದು ತಕಲಿ ಮತ್ತು ಹತ್ತಿ. ಮೇದಾರ ಕೇತಯ್ಯನಿಗೆ ಬಿದಿರಿನ ಸಲಾಕೆ. ಅಂಬಿಗರ ಚೌಡಯ್ಯನಿಗೆ ಒಂದು ಬುಟ್ಟಿ ನೀರು, ಕಾಗದದ ದೋಣಿ, ಮತ್ತು ಅದು ಎಷ್ಟು ನಾಣ್ಯ ಹೊತ್ತು ಮುಳುಗುತ್ತದೆ ಎಂಬ ಪರೀಕ್ಷೆ. ನಮ್ಮ ವಚನಕಾರರ ಹೆಸರುಗಳಲ್ಲೇ ಕಸುಬುಗಳಿವೆ, ನಾವು ಹೆಸರನ್ನಷ್ಟೇ ಪರೀಕ್ಷೆಗೆ ಓದಿಸುತ್ತೇವೆ.

ವಚನವೊಂದನ್ನೇ ಓದಿಸಬೇಕೆಂಬ ಹಟವೂ ಬೇಡ. ಬುದ್ಧಿ ತೆರೆಸುವ ಪುಸ್ತಕ ಯಾವುದಾದರೂ ನಮ್ಮದೇ. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದು ಕನ್ನಡ ಮಕ್ಕಳ ಮುಂದೆ ಜಗತ್ತನ್ನು ಇಟ್ಟವರು. ಮಾಹಿತಿ ಹಳೆಯದಾಗಿದೆ, ಆದರೆ ಮಗುವಿಗೆ ಹೀಗೂ ಗೌರವದಿಂದ ಬರೆಯಬಹುದೇ ಎಂದು ಅಪ್ಪಂದಿರು ಓದಿ ನೋಡಬೇಕು. ನಮ್ಮ ಸಿದ್ಧಯ್ಯ ಪುರಾಣಿಕರು ಐಎಎಸ್ ಅಧಿಕಾರಿಯಾಗಿದ್ದೂ ಮಕ್ಕಳಿಗೆ ಪದ್ಯ ಬರೆದರು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದ ಮಕ್ಕಳ ಪುಸ್ತಕಗಳು ಒಂದು ಪ್ಲೇಟ್ ಗೋಬಿ ಮಂಚೂರಿಯ ಆಸುಪಾಸಿನ ಬೆಲೆಗೇ ಸಿಗುತ್ತವೆ.

ಒಂದೇ ಪುಸ್ತಕ ಹೇಳಿ ಎಂದರೆ ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ ಬರೆದ 'ತೊತ್ತೊಚಾನ್' ಹೇಳುತ್ತೇನೆ. ಕನ್ನಡದಲ್ಲಿಯೂ ಬಂದಿದೆ. ಹಳೆಯ ರೈಲು ಡಬ್ಬಿಗಳೇ ತರಗತಿಗಳಾಗಿದ್ದ ಒಂದು ಶಾಲೆಯ ಕಥೆ. ಅದರಲ್ಲೊಂದು ಪ್ರಸಂಗ. ಪುಟ್ಟ ಹುಡುಗಿಯ ಪ್ರೀತಿಯ ಪರ್ಸು ಶೌಚದ ಗುಂಡಿಯಲ್ಲಿ ಬೀಳುತ್ತದೆ. ಅವಳು ಉದ್ದ ಹಿಡಿಕೆಯ ಸೌಟು ತಂದು ಗುಂಡಿಯಿಂದ ಹೊಲಸನ್ನೆಲ್ಲ ಮೊಗೆದು ಹೊರಗೆ ಹಾಕುತ್ತಾಳೆ. ಆ ದಾರಿಯಲ್ಲಿ ಬಂದ ಮುಖ್ಯಗುರುಗಳು ಕೊಬಾಯಾಶಿ ಬಯ್ಯುವುದಿಲ್ಲ, ತಡೆಯುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ತಿರುಗಿ ಒಳಗೆ ಹಾಕುತ್ತೀಯಲ್ಲ ಎಂದಷ್ಟೇ ಕೇಳಿ ಹೋಗುತ್ತಾರೆ. ನಮ್ಮ ಮನೆಗಳಲ್ಲಿ ಅವಳಿಗೆ ಎರಡು ಏಟು ಬಿದ್ದು, ಸ್ನಾನ ಮಾಡಿಸಿ ಒಳಗೆ ಕೂರಿಸುತ್ತಿದ್ದೆವು. ನಾನಂತೂ ನಟ್ಟು ಕಳದೀತು ಅಂದವನು.

ನಮ್ಮ ಬಳಗದ ಮುಂದೆ ನಾನೊಂದು ಪ್ರಸ್ತಾವ ಇಟ್ಟಿದ್ದೇನೆ. ಮೂರು ಅಂಶ. ಬಸವ ಜಯಂತಿಯ ಮಕ್ಕಳ ಬಹುಮಾನಗಳನ್ನು ಒಂದು ಮೇಜಿನ ಮೇಲೆ ತೆರೆದಿಡುವುದು. ಗೆದ್ದ ಮಗು ಬಂದು ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳಲಿ, ಹುಡುಗ ಗೊಂಬೆ ಎತ್ತಿಕೊಂಡರೂ ಯಾರೂ ನಗಬಾರದು. ಸ್ಪರ್ಧೆಯಲ್ಲಿ ಎಣಿಕೆ ಬಿಟ್ಟು, ಒಂದೇ ವಚನ ಹೇಳಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳುವ ಮಗುವಿಗೆ ಬಹುಮಾನ ಕೊಡುವುದು. ಉತ್ತರ ಕಡ್ಡಾಯವಲ್ಲ. ಮೂರನೆಯದು, ಮಠದ ವಾಚನಾಲಯದಲ್ಲಿ ಎರಡು ಅರೆಗಳನ್ನು ಮಕ್ಕಳಿಗೆ ಬಿಡುವುದು. ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಆಟಿಕೆ. ಹದಿನೈದು ದಿನಕ್ಕೆ ಒಂದರಂತೆ ಮನೆಗೆ ಒಯ್ದು, ಆಡಿ, ತಿರುಗಿ ತಂದಿಡಲಿ. ಅನ್ನಕ್ಕೆ ದಾಸೋಹವಿದೆ, ಆಟಕ್ಕೂ ಇರಲಿ. ಕೂಲಿ ಮಾಡುವವರ ಮಕ್ಕಳೂ, ನಮ್ಮ ಸಮಾಜದವರಲ್ಲದ ಮಕ್ಕಳೂ ಒಯ್ಯಲಿ. ಹೆಸರು ಬರೆದುಕೊಳ್ಳುವ ಪುಸ್ತಕದಲ್ಲಿ ಜಾತಿಯ ಕಾಲಂ ಇರಬಾರದು.

ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ತೀರ್ಪುಗಾರರು ಅಂಕ ಹೇಗೆ ಕೊಡುವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೂರನೆಯದಕ್ಕೆ, ಮಕ್ಕಳು ಆಟಿಕೆ ಕಳೆದರೆ, ಮುರಿದರೆ ಯಾರು ಹೊಣೆ ಎಂದು ಖಜಾಂಚಿಗಳು ಕೇಳಿದ್ದಾರೆ. ಮೊದಲ ವರ್ಷ ಕಳೆದದ್ದನ್ನೂ ಮುರಿದದ್ದನ್ನೂ ನಾನು ತುಂಬಿಕೊಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಅಟ್ಟದಿಂದ ಇಳಿಸಿದ 1995ರ ಮೆಕ್ಯಾನಿಕ್ ಸೆಟ್ಟು ಆ ಅರೆಗೆ ಹೋಗುವ ಮೊದಲ ಆಟಿಕೆ. ಪಟ್ಟಿಗಳಿಗೆ ತುಕ್ಕು ಹಿಡಿದಿತ್ತು, ಮರಳುಕಾಗದ ಹಾಕಿ ತಿಕ್ಕಿದ್ದೇವೆ. ನಟ್ಟುಗಳನ್ನು ಎಣಿಸಿ ನೋಡಿದೆ, ಒಂದೂ ಕಳೆದಿಲ್ಲ.